ಎಂಜಲ ಗಂಟು

ಕನ್ನಡದಲ್ಲಿ ‘ನಾವು’ ಎನ್ನುವ ಮಾತಿನಷ್ಟು ಮೋಸದ ಮಾತು ಇನ್ನೊಂದಿಲ್ಲ. ಆಡುವವನು ಯಾರನ್ನು ಒಳಗೆ ಕರೆದುಕೊಂಡ, ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದ ಎನ್ನುವುದು ಕೇಳುವವನಿಗೆ ತಿಳಿಯುವುದೇ ಇಲ್ಲ. ಈ ಮಾತಿಗೆ ರವಿಕುಮಾರ ಬಿದ್ದ. ಗಾಳದ ಮರ್ಮವೆಲ್ಲ ಬಲ್ಲ ನಲವತ್ತೊಂದು ವರ್ಷದ ಗಂಡಸು, ಎರೆಹುಳ ಕಂಡ ಜಿಲೇಬಿ ಮೀನಿನ ಹಾಗೆ ಬಾಯಿ ತೆರೆದುಕೊಂಡು ಹೋಗಿ ಬಿದ್ದ.

ಮಾತು ಆಡಿದವರು ಸೋಮಶೇಖರ್. ನಂಜನಗೂಡಿನಲ್ಲಿ ಗೊಬ್ಬರ, ಔಷಧಿ, ಬಿತ್ತನೆ ಬೀಜದ ದೊಡ್ಡ ಅಂಗಡಿ ಅವರದು. ರವಿಕುಮಾರ ಟಿ. ನರಸೀಪುರದಿಂದ ದಿನಾ ಬೈಕಿನಲ್ಲಿ ಬಂದು ಅಲ್ಲಿ ಹದಿನಾರು ವರ್ಷ ದುಡಿದಿದ್ದ. ಅಂಗಡಿಯೊಳಗೆ ಕೂತಿದ್ದು ಕಡಿಮೆ, ಗದ್ದೆ ಬದುವಿನ ಮೇಲೆ ನಿಂತಿದ್ದೇ ಹೆಚ್ಚು. ಹುಲ್ಲಹಳ್ಳಿ ನಾಲೆಯ ಬಯಲಿನಲ್ಲಿ ಯಾರ ಭತ್ತಕ್ಕೆ ಹುಳ ಬಿತ್ತು, ಯಾರ ಕಬ್ಬಿನ ಸುಳಿ ಒಣಗಿತು ಎಂದು ಸುತ್ತಿ ನೋಡಿ, ಸುಳಿ ಸೀಳಿ ಹುಳ ತೋರಿಸಿ, ಇಂಥದ್ದು ಹೊಡೀರಿ, ಇಂಥದ್ದು ದಂಡ ಎಂದು ಹೇಳುವವನು ಅವನು. ರೈತರು ಅಂಗಡಿಗೆ ಬಂದು ‘ರವಿ ಹೇಳಿದ ಔಷಧಿ ಕೊಡಿ’ ಎನ್ನುತ್ತಿದ್ದರೇ ಹೊರತು ಬಾಟಲಿಯ ಹೆಸರು ಹೇಳುತ್ತಿರಲಿಲ್ಲ. ಸೋಮಶೇಖರ್ ಕೂಡ ಬಂದವರ ಮುಂದೆ ‘ನಮ್ಮ ರವಿ, ಮನೆ ಮಗ ಇದ್ದಂಗೆ’ ಎಂದು ಬೆನ್ನು ಸವರುತ್ತಿದ್ದರು. ಬೆನ್ನು ಸವರಿದ ಕೈಯನ್ನು ಆಮೇಲೆ ಎಲ್ಲಿ ಒರೆಸಿಕೊಂಡರು ಎಂದು ಅವನು ನೋಡಿರಲಿಲ್ಲ.

ಆ ವರ್ಷ ಅಂಗಡಿ ಕಂಪನಿ ಕೊಟ್ಟ ಗುರಿ ದಾಟಿತು. ಕಂಪನಿಯ ದೊಡ್ಡ ಮ್ಯಾನೇಜರ್ ಮಹೇಂದ್ರ ಸರ್ ಖುದ್ದಾಗಿ ಬಂದು ಸಿಹಿ ಹಂಚಿದರು. ಜನವರಿಯಲ್ಲಿ ಮಾಲ್ಡೀವ್ಸ್ ಪ್ರವಾಸ, ಅಂಗಡಿಗೆ ಎರಡು ಟಿಕೆಟ್. ಒಂದು ಮಾಲೀಕರಿಗೆ, ಇನ್ನೊಂದು ಬೆವರು ಸುರಿಸಿದವರಿಗೆ ಎಂದು ಹೇಳಿ, ಎಲ್ಲರ ಎದುರಿಗೇ ರವಿಕುಮಾರನ ಹೆಗಲು ತಟ್ಟಿ ಹೋದರು.

ಮಹೇಂದ್ರ ಸರ್‌ಗೆ ಸಮುದ್ರದಲ್ಲಿ ಮೀನು ಹಿಡಿಯುವ ಹುಚ್ಚು. ಸ್ವಂತ ಗಾಳ ತಂದ ಡೀಲರುಗಳನ್ನು ತಮ್ಮ ದೋಣಿಯಲ್ಲೇ ಕೂರಿಸಿಕೊಳ್ಳುವುದಾಗಿ ಹೇಳಿದ್ದರು. ದೊಡ್ಡವರ ದೋಣಿ ಎಂದ ಮೇಲೆ ಸೋಮಶೇಖರ್ ಬಿಡುತ್ತಾರೆಯೇ. ಮಠಕ್ಕೆ ನಡೆದುಕೊಳ್ಳುವ ಮನೆತನ, ಮೊಟ್ಟೆಯ ಹೆಸರೂ ಹೊಸ್ತಿಲು ದಾಟದ ಮನೆ. ಅವರು ಕಪಿಲೆಗೆ ಇಳಿದಿದ್ದರೆ ಅದು ಹುಣ್ಣಿಮೆಯ ಸ್ನಾನಕ್ಕೆ. ಆದರೂ ಫೋನಿನಲ್ಲಿ ನಾಲಿಗೆ ತಡವರಿಸಲಿಲ್ಲ.

“ನಾವು ಕಪಿಲೆ ದಂಡೇಲಿ ಹುಟ್ಟಿ ಬೆಳೆದೋರು ಸರ್,” ಎಂದರು. “ಗಾಳ ನಮಗೇನು ಹೊಸದಲ್ಲ.”

ಹಿಂದೆ ನಿಂತಿದ್ದ ರವಿಕುಮಾರ ಹೆಮ್ಮೆಯಿಂದ ತಲೆಯಾಡಿಸಿದ. ಆ ‘ನಾವು’ ಒಳಗೆ ಗಾಳ ಹಿಡಿಯಬಲ್ಲವನು ಅವನೊಬ್ಬನೇ ಇದ್ದ. ತನ್ನನ್ನೂ ಸೇರಿಸಿಯೇ ಹೇಳಿದರು ಎಂದುಕೊಂಡ. ಫೋನ್ ಇಟ್ಟ ಸೋಮಶೇಖರ್ ಅವನತ್ತ ತಿರುಗಿ, “ರವಿ, ಜನವರೀಲಿ ನಾವು ಹೊರಡ್ತೀವಿ ಕಣೋ. ಎರಡು ಸೆಟ್ ಗಾಳ ರೆಡಿ ಮಾಡು, ಒಳ್ಳೇದೇ ಇರ್ಲಿ,” ಎಂದರು.

ನಾವು. ಎರಡು ಸೆಟ್. ಹೆಗಲು ತಟ್ಟಿದ ಕೈ. ಮೂರನ್ನೂ ಕೂಡಿಸಿದರೆ ಯಾರಿಗಾದರೂ ಬರುವ ಲೆಕ್ಕವೇ ಅವನಿಗೂ ಬಂತು. ಮೈಸೂರಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟ. ವಿಚಾರಣೆಗೆ ಬಂದ ಪೊಲೀಸರನ್ನು ಕಂಡು ಬೀದಿಯೇ ಬಾಗಿಲಿಗೆ ಬಂತು. ವಿಷಯ ತಿಳಿದ ಮೇಲೆ ಅದೇ ಬೀದಿ ಅವನನ್ನು ಹೊತ್ತು ತಿರುಗುವುದೊಂದು ಬಾಕಿ. ಅವರ ಬೀದಿಗೆ ಬಂದ ಮೊದಲನೆಯ ಪಾಸ್‌ಪೋರ್ಟ್ ಅದು. ತಾಯಿ ಮುದ್ದಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ಅಂಬೇಡ್ಕರರ ಪಟದ ಮುಂದೆ ಒಂದು ದಿನ ಇಟ್ಟು, ಆಮೇಲೆ ಟ್ರಂಕಿಗೆ ಸೇರಿಸಿದಳು. ಅವನು ಅದನ್ನು ಅಂಗಡಿಗೂ ಒಯ್ದು ತೋರಿಸಿದ್ದ. ಸೋಮಶೇಖರ್ ತಿರುವಿ ನೋಡಿ, “ಪರವಾಗಿಲ್ಲ ಕಣೋ, ಮಾಡಿಸ್ಕೊಂಡ್ಬಿಟ್ಟಿದೀಯ,” ಎಂದು ವಾಪಸ್ಸು ಕೊಟ್ಟರು. ಆಗಲಾದರೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಇನ್ನು ಗಾಳದ ವಿಚಾರ. ಅವನ ಅಪ್ಪ ಚನ್ನಯ್ಯ ನರಸೀಪುರದ ಹೊಳೆಯಲ್ಲಿ ಬಿದಿರುಕಡ್ಡಿಯಿಂದಲೇ ಕೈಯುದ್ದದ ಕಾಟ್ಲಾ ಮೀನು ಎಳೆದವನು. ಕಪಿಲೆ ಕಾವೇರಿ ಕೂಡುವ ಜಾಗದ ಸುಳಿ ಯಾವ ತಿಂಗಳಲ್ಲಿ ಎಲ್ಲಿರುತ್ತದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ದಾರ ಹರಿದು ಮೀನು ಹೋದಾಗಲೆಲ್ಲ, “ಓಗ್ಲಿ ಬುಡ್ಲಾ, ತಪ್ಪಿಸ್ಕೊಂಡವೆಲ್ಲ ಸಮುದ್ರಕ್ಕೇ ಓಗದು. ಒಂದ್ ದಪ ಅಲ್ಲಿಗೇ ಓಗಿ ಇಡ್ಕಬರವ,” ಎನ್ನುತ್ತಿದ್ದ. ಸಮುದ್ರ ನೋಡದೆಯೇ ಸತ್ತ. ಇಟ್ಟಿಗೆಯಲ್ಲಿ ಕುಳಿ ಕೊರೆದು, ಸೀಸ ಕರಗಿಸಿ ಹೊಯ್ದು ಅವನು ಮಾಡಿದ್ದ ಆರು ಗುಂಡುಗಳು ಮನೆಯಲ್ಲಿ ಉಳಿದಿದ್ದವು. ದಾರವನ್ನು ತಳಕ್ಕೆ ಇಳಿಸಲು ಕಟ್ಟುವ ಗುಂಡುಗಳು.

ಹೊಳೆಯ ಗಾಳ ಸಮುದ್ರಕ್ಕೆ ಆಗುವುದಿಲ್ಲ. ಇದು ರವಿಕುಮಾರನಿಗೆ ಗೊತ್ತಿತ್ತು, ಗೊತ್ತಿಲ್ಲದ್ದನ್ನು ಮಂಗಳೂರು ಬಂದರಿನ ಒಬ್ಬ ಅಂಗಡಿಯವನಿಗೆ ದಿನಾ ಫೋನ್ ಮಾಡಿ ತಲೆ ತಿಂದು ತಿಳಿದುಕೊಂಡ. ಹೊಳೆಗೆ ಬಳುಕುವ ರಾಡ್ ಚೆನ್ನ, ಅಲ್ಲಿಗೆ ಆರೂವರೆ ಏಳಡಿಯದು, ಬುಡ ಗಟ್ಟಿ ಇರುವುದು ಬೇಕು. ಅಲ್ಲಿಯ ಮೀನು ಎಳೆಯುವುದಿಲ್ಲ, ಬಂಡೆ ಸಂದಿಗೆ ನೆಟ್ಟಗೆ ನುಗ್ಗುತ್ತದೆ. ರೀಲು ಉಪ್ಪುನೀರು ಒಳಗೆ ಇಳಿಯದ ಹಾಗೆ ಮುಚ್ಚಿದ್ದಾಗಿರಬೇಕು, ಇಲ್ಲದಿದ್ದರೆ ಎರಡನೇ ದಿನಕ್ಕೆ ತುಕ್ಕು ಹಿಡಿದು ಕಿರುಗುಟ್ಟುತ್ತದೆ. ರೀಲಿಗೆ ಸುತ್ತಲು ಹೆಣೆದ ದಾರ, ತುದಿಗೆ ಎರಡು ಮಾರು ದಪ್ಪ ನೈಲಾನ್. ಗಾಳದ ಮೊನೆ ಒಳಕ್ಕೆ ಬಾಗಿದ್ದರೆ ತುಟಿಗೇ ಕಚ್ಚುತ್ತದೆ, ಮೀನನ್ನು ವಾಪಸ್ಸು ಬಿಡುವಾಗ ಗಂಟಲು ಹರಿಯುವುದಿಲ್ಲ. ಪಾರ್ಸಲ್ ಬಂದ ದಿನ ಅವನು ಊಟ ಮರೆತು ಎರಡೂ ಸೆಟ್ಟನ್ನು ಚಾಪೆಯ ಮೇಲೆ ಹರಡಿಕೊಂಡು ಕೂತ. ಒಳ್ಳೆಯ ರೀಲನ್ನು ಸೋಮಶೇಖರ್ ಸೆಟ್ಟಿಗೆ ಹಾಕಿದ. ತನ್ನದಕ್ಕೆ ಅಪ್ಪನ ಆರು ಗುಂಡು ಇಟ್ಟುಕೊಂಡ.

ಹೊರಡಲು ಎರಡು ವಾರ ಇರುವಾಗ ಸೋಮಶೇಖರ್ ಒಂದು ಭಾನುವಾರ ಬೆಳಿಗ್ಗೆ ನರಸೀಪುರಕ್ಕೇ ಬಂದರು, ಗಾಳ ಹಿಡಿಯುವುದನ್ನು ಕಲಿಯಲು. ನಂಜನಗೂಡಿನಲ್ಲಿ ಅಭ್ಯಾಸ ಮಾಡಿದರೆ ತಾಯಿ ಚನ್ನಬಸಮ್ಮನವರ ಕಿವಿಗೆ ಬೀಳುವ ಭಯ. ಜೊತೆಗೆ ಬಾಮೈದ ಗಂಗಾಧರಸ್ವಾಮಿ ಬಂದಿದ್ದ. ಸುಮ್ಮನೆ ಕಾರಿನಲ್ಲಿ ಜೊತೆಗೆ ಬಂದಿರಬೇಕು ಎಂದುಕೊಂಡ ರವಿಕುಮಾರ.

ಕಾರಿನಿಂದ ಇಳಿಯುತ್ತಲೇ, ಯಾರೂ ಕೇಳುವ ಮುಂಚೆಯೇ, ಕಾಫಿ ಈಗ ತಾನೆ ಕುಡಿದು ಬಂದೆವು ಎಂದರು ಸೋಮಶೇಖರ್. ರವಿಕುಮಾರನಿಗೆ ಇದು ಗೊತ್ತಿದ್ದದ್ದೇ. ಅದಕ್ಕೇ ಎಳನೀರು ಕೆತ್ತಿಸಿ ಇಟ್ಟಿದ್ದ. ಎಳನೀರಿನೊಳಗೆ ಯಾರ ಕೈಯೂ ಆಡಿರುವುದಿಲ್ಲ. ಈ ಬೀದಿಗೆ ಬರುವ ಆ ಬೀದಿಯವರಿಗೆಲ್ಲ ಎಳನೀರೇ ಇಷ್ಟ. ಇಬ್ಬರೂ ಹೊಂಗೆಮರದ ಕೆಳಗೆ ಕುರ್ಚಿಯಲ್ಲಿ ಕೂತು ಕುಡಿದರು. ಮುದ್ದಮ್ಮ ಹತ್ತಿರ ಬಂದು ಕೈಮುಗಿದಳು.

“ನಮ್ ಮಗೀನ ವಸಿ ಉಸಾರಾಗಿ ಕರ್ಕೊಂಡೋಗಿ ಕರ್ಕೊಂಡ್ ಬನ್ನಿ ಬುದ್ಧಿ. ನೀರ್ ಕಂಡ್ರೆ ಅವ್ನಿಗೆ ಮೈಮ್ಯಾಲೆ ಗ್ಯಾನ ಇರಲ್ಲ.”

ಸೋಮಶೇಖರ್‌ಗೆ ಆ ಕ್ಷಣದಲ್ಲೇ ಮೊಬೈಲಿನಲ್ಲಿ ಏನೋ ತುರ್ತಾಗಿ ನೋಡುವುದಿತ್ತು. ತಾಯಿಯ ಬಾಯಲ್ಲಿ ‘ಬುದ್ಧಿ’ ಕೇಳಿ ರವಿಕುಮಾರನಿಗೆ ಎಂದಿನಂತೆ ಇರುಸುಮುರುಸಾಯಿತು. ಎಷ್ಟು ಹೇಳಿದರೂ ಆಕೆ ಬಿಟ್ಟಿರಲಿಲ್ಲ.

ಅವನು ತನ್ನ ಸೆಟ್ಟನ್ನೇ ಎತ್ತಿಕೊಂಡು ಗಂಟು ಹಾಕುವುದನ್ನು ತೋರಿಸತೊಡಗಿದ. ನೈಲಾನನ್ನು ಗಾಳದ ಕಿವಿಯಲ್ಲಿ ತೂರಿಸಿ, ಏಳು ಸುತ್ತು ಸುತ್ತಿ, ತುದಿಯನ್ನು ಕುಣಿಕೆಯೊಳಗೆ ಹಾಯಿಸಿ, ಗಂಟನ್ನು ಬಾಯಿಗೆ ತಂದು ಎಂಜಲು ಹಚ್ಚಿ ಮೆಲ್ಲಗೆ ಎಳೆದ. ಅಪ್ಪ ಕಲಿಸಿದ್ದು ಹಾಗೆಯೇ. ಒಣಗಿದ್ದಾಗ ಎಳೆದರೆ ನೈಲಾನು ಉಜ್ಜಿ ಬಿಸಿಯಾಗಿ ಗಂಟಿನಲ್ಲೇ ಸುಡುತ್ತದೆ. ನೋಡಲು ಗಟ್ಟಿ, ಮೀನು ಎಳೆದರೆ ಪಟ್ಟನೆ ಹರಿಯುತ್ತದೆ. ಪ್ರಪಂಚದಲ್ಲಿ ಗಾಳ ಕಟ್ಟುವವರೆಲ್ಲ ಮಾಡುವ ಕೆಲಸ ಅದು.

“ಥೂ, ಎಂಜಲು ಮಾಡ್ಬಿಟ್ಯಲ್ಲೋ,” ಎಂದ ಗಂಗಾಧರಸ್ವಾಮಿ, ಕುರ್ಚಿಯನ್ನು ಹಿಂದಕ್ಕೆ ಜರುಗಿಸಿ. “ನಾನು ಅದನ್ನ ಕೈಯಲ್ಲಿ ಹಿಡೀಬೇಕಲ್ಲಪ್ಪ.”

ರವಿಕುಮಾರ ನಕ್ಕ. “ನೀವ್ಯಾಕೆ ಇಡೀತೀರಿ ಸಾ. ಇದು ನಂದು. ನಿಮ್ ಭಾವಂದು ಅದು, ಅತ್ಲಾಗೈತೆ.”

ಗಂಗಾಧರಸ್ವಾಮಿ ಭಾವನ ಮುಖ ನೋಡಿದ. “ಎರಡನೇದು ನಂದು ಅಂದ್ರಲ್ಲ ಭಾವ?”

ಸೋಮಶೇಖರ್ ಎಳನೀರಿನ ಬುರುಡೆಯನ್ನು ಕೆಳಗಿಟ್ಟು ಬಾಯಿ ಒರೆಸಿಕೊಂಡರು. ನಾಚಿಕೆಯಾಯಿತೆ? ಅದೂ ಇಲ್ಲ. ನಗುತ್ತಲೇ ಹೇಳಿದರು, “ನಾವು ಅಂದ್ರೆ ನಾವು ಕಣೋ, ಮನೆಯೋರು. ನೀನ್ಯಾಕೆ ತಲೇಗೆ ಹಚ್ಕೊಂಡೆ? ಅಲ್ಲಿ ಇಬ್ಬಿಬ್ಬರಿಗೆ ಒಂದು ರೂಮು, ಒಂದೇ ಬಾತ್‌ರೂಮು. ನಿನಗೇ ಮುಜುಗರ. ದಿನಾ ಮೀನು ಹಿಡಿಯೋನಿಗೆ ಅಷ್ಟು ದೂರ ಹೋಗಿ ಹಿಡಿಯೋದು ಏನಿದೆ ಹೇಳು.”

ಇಲ್ಲಿಂದ ಮುಂದೆ ಈ ಮನುಷ್ಯನಿಗೆ ಬಹುವಚನ ಕೊಡಲು ಕಥೆಗೂ ಮನಸ್ಸಿಲ್ಲ.

ರವಿಕುಮಾರನಿಗೆ ಮೈಯೆಲ್ಲ ಉರಿ ಹತ್ತಿಕೊಂಡಿತು. ಹದಿನಾರು ವರ್ಷ ಈ ಸೋಮಶೇಖರನ ಔಷಧಿಯ ವಾಸನೆಯನ್ನು ಶರ್ಟಿನಲ್ಲಿ ಹೊತ್ತುಕೊಂಡು ಮನೆಗೆ ಬಂದಿದ್ದೇನೆ. ಹೆಂಡತಿ ರೋಜಾ ಆ ಶರ್ಟನ್ನು ಮಗುವಿನ ಬಟ್ಟೆಯ ಜೊತೆ ನೆನೆಸುತ್ತಿರಲಿಲ್ಲ. ಆಗ ಮುಜುಗರ ಇರಲಿಲ್ಲ. ‘ನಮ್ಮ ರವಿ’ ಎನ್ನುವಾಗ ನಾನು ಇವನವನು. ‘ನಾವು’ ಎನ್ನುವಾಗ ಬೇರೆಯವನು. ದನವನ್ನೂ ನಮ್ಮ ದನ ಎನ್ನುತ್ತಾರೆ, ನಾವು ಅಂದಾಗ ದನ ಅದರಲ್ಲಿ ಸೇರುತ್ತದೆಯೇ? ಇಷ್ಟು ಸಣ್ಣ ವ್ಯಾಕರಣ ತಿಳಿಯದೆ ಹೋಯಿತಲ್ಲ ಎಂದು ಅವನಿಗೆ ಸೋಮಶೇಖರನಿಗಿಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು ಬಂತು. ನಮ್ಮ ಮನೆಯ ಕಾಫಿ ಆಗದವನು ಸಮುದ್ರದಲ್ಲಿ ಮೀನಿನ ಲೋಳೆಗೆ ಕೈ ಹಾಕುತ್ತಾನಂತೆ, ದೊಡ್ಡವರ ಜೊತೆಯಾದರೆ.

ಸಿಟ್ಟು ಬಂದರೆ ಅವನಿಗೆ ಮಾತು ಬರುವುದಿಲ್ಲ. ಜೇಬಿನಿಂದ ಉಗುರು ಕತ್ತರಿ ತೆಗೆದ. ಅದರಿಂದಲೇ ಅವನು ದಾರದ ತುದಿ ಕತ್ತರಿಸುವುದು. ಈಗ ಹಾಕಿದ ಗಂಟನ್ನು ಕತ್ತರಿಸಿದ. ಆಮೇಲೆ ಸೋಮಶೇಖರನ ಸೆಟ್ಟು ಎಳೆದುಕೊಂಡು, ವಾರವಿಡೀ ಕೂತು ಕಟ್ಟಿದ್ದ ಗಂಟುಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿದ. ಗಾಳಗಳು ಒಂದರ ಮೇಲೊಂದು ಟಿಣ್ ಟಿಣ್ ಎಂದು ಬಿದ್ದವು.

“ಏನೋ ಮಾಡ್ತಿದೀಯ?”

“ಎಂಜಲು ತೆಗೀತಿವ್ನಿ ಸಾ.”

ಸೋಮಶೇಖರ್ ಇನ್ನೂ ನಗುತ್ತಲೇ ಇದ್ದ. ಗಂಟು ಏನು ಮಹಾ ವಿದ್ಯೆ, ಯೂಟ್ಯೂಬ್ ನೋಡಿ ಕಟ್ಟಿಕೊಳ್ಳುತ್ತೇವೆ, ಎರಡೂ ಸೆಟ್ಟು ನಾಳೆ ಅಂಗಡಿಗೆ ತಂದುಬಿಡು ಎಂದ. ರವಿಕುಮಾರ ಅಪ್ಪನ ಆರು ಗುಂಡು ಎತ್ತಿ ಜೇಬಿಗೆ ಹಾಕಿಕೊಂಡ. ಅವರಿಬ್ಬರೂ ಕಾರು ಹತ್ತುವಾಗ ಮುದ್ದಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಮುಗಿಯಲಿಲ್ಲ.

“ಓಗ್ಬಾರಪ್ಪ,” ಎಂದಳು.

‘ಬುದ್ಧಿ’ ಇಲ್ಲ, ‘ಬನ್ನಿ’ ಇಲ್ಲ. ಎಪ್ಪತ್ತು ವರ್ಷ ನಾಲಿಗೆಗೆ ಅಂಟಿಕೊಂಡಿದ್ದ ಮಾತು ಒಂದು ಎಳನೀರು ಮುಗಿಯುವುದರೊಳಗೆ ಉದುರಿಹೋಗಿತ್ತು. ಸೋಮಶೇಖರ್ ಅದನ್ನು ಗಮನಿಸಲಿಲ್ಲ. ರವಿಕುಮಾರ ಗಮನಿಸಿದ. ಆಕೆ ಎರಡೂ ಬುರುಡೆಗಳನ್ನು ಕಾಲಿನಿಂದಲೇ ತಳ್ಳಿಕೊಂಡು ಹೋಗಿ ತಿಪ್ಪೆಗೆ ಹಾಕಿದಳು.

ಮಧ್ಯಾಹ್ನ ಅವನಿಗೆ ಒಂದು ಕೆಟ್ಟ ಬುದ್ಧಿ ಬಂತು. ರೀಲು ಬದಲಾಯಿಸಿ ಹೊಳೆಯದ್ದನ್ನು ಹಾಕಿಕೊಟ್ಟರೆ? ಉಪ್ಪುನೀರು ತಾಗಿ ತುಕ್ಕು ಹಿಡಿದು ಕೂರಲಿ. ಒಳಗೆ ಹಳೆಯ ರೀಲು ಹುಡುಕುತ್ತಿದ್ದವನನ್ನು ರೋಜಾ ನೋಡಿದಳು. ಅವಳಿಗೆ ಏನೂ ಹೇಳಬೇಕಾಗಲಿಲ್ಲ.

“ಸಾಮಾನಲ್ಲಿ ಕೈ ಕೊಡಬ್ಯಾಡ,” ಎಂದಳು. “ನಿನ್ ಕೈನೂ ಕೊಡಬ್ಯಾಡ.”

ಹಾಗೇ ಮಾಡಿದ. ಸೋಮವಾರ ಎರಡೂ ಸೆಟ್ಟನ್ನು, ಆರಿಸಿದ್ದು ಆರಿಸಿದ ಹಾಗೆ, ಗಾಳ ಬೇರೆ ದಾರ ಬೇರೆಯಾಗಿ, ಕೌಂಟರಿನ ಮೇಲೆ ಇಟ್ಟ. ಕೆಲಸ ಬಿಡಲಿಲ್ಲ, ಭತ್ತಕ್ಕೆ ಹುಳ ಬಿದ್ದ ರೈತನ ಮೇಲೆ ಅವನಿಗೇನು ಸಿಟ್ಟು? ಆದರೆ ಸೋಮಶೇಖರನ ಜೊತೆ ಹೂಂ ಉಹೂಂಗಿಂತ ಹೆಚ್ಚು ಆಡಲಿಲ್ಲ. ಅದಕ್ಕಿಂತ ಕಷ್ಟ ಬೀದಿಯದ್ದು. ಎದುರಾದವರೆಲ್ಲ ‘ಯಾವಾಗ್ಲಾ ಒರ್ಡದು?’ ಎಂದು ಕೇಳುವರು. ಇಲ್ಲ ಎಂದು ಇಪ್ಪತ್ತು ಸಲ ಹೇಳಿದ. ಇಪ್ಪತ್ತೊಂದನೆಯ ಸಲ ಕೇಳಿದವನಿಗೆ ಹೊಡೆಯುವುದೊಂದು ಬಾಕಿ.

ಅವರು ಹೊರಟುಹೋದರು. ಮೂರನೆಯ ದಿನ ಭಾನುವಾರ. ರವಿಕುಮಾರ ಊರಾಚೆ ಹೊಳೆಯ ದಂಡೆಯಲ್ಲಿ ಅಪ್ಪನ ಬಂಡೆಯ ಮೇಲೆ ಕೂತು ತನ್ನ ಹಳೆಯ ದಾರಕ್ಕೆ ಗಾಳ ಕಟ್ಟುತ್ತಿದ್ದ. ಏಳು ಸುತ್ತು ಸುತ್ತಿ ಆಗಿತ್ತು. ಆಗ ಫೋನ್ ಬಂತು, ವೀಡಿಯೊ ಕರೆ. ಸೋಮಶೇಖರ್. ತಲೆಗೆ ಟೋಪಿ, ಮೂಗಿಗೆ ಬಿಳಿ ಕ್ರೀಮು. ಅವನ ಕಿವಿಯ ಹಿಂದೆ, ಭುಜದ ಮೇಲೆ, ಎಲ್ಲ ಕಡೆ ಸಮುದ್ರ. ರವಿಕುಮಾರ ಮೊದಲನೆಯ ಸಲ ಅಷ್ಟು ನೀಲಿ ನೀರನ್ನು ನೋಡಿದ, ಅದೂ ಈ ಮುಖದ ಅಂಚಿನಲ್ಲಿ.

ಸೋಮಶೇಖರ್ ಪಿಸುಗುಟ್ಟುತ್ತಿದ್ದ. ದೋಣಿ ಹೊರಡಲು ಹತ್ತೇ ನಿಮಿಷ ಇದೆ. ಬೆಳಿಗ್ಗೆಯಿಂದ ಕಟ್ಟಿದ್ದೆಲ್ಲ ಎಳೆದರೆ ಕಿತ್ತು ಬರುತ್ತಿದೆ. ದೋಣಿಯವರನ್ನು ಕೇಳೋಣವೆಂದರೆ ಮಹೇಂದ್ರ ಸರ್ ಪಕ್ಕದಲ್ಲೇ ಇದ್ದಾರೆ, ಅವರ ಮುಂದೆ ಹೇಗೆ ಕೇಳುವುದು?

“ವೀಡಿಯೋದಲ್ಲಿ ಮಾಡ್ದಂಗೇ ಮಾಡಿದೀವಿ ಕಣೋ. ನಾವೇನು ತಪ್ಪು ಮಾಡ್ತಿದೀವಿ? ಬೇಗ ಹೇಳು, ನಮ್ಮ ಮರ್ಯಾದೆ ಪ್ರಶ್ನೆ.”

ನಾವು. ನಮ್ಮ. ಮತ್ತೆ ಬಂತು ಗಾಳ. ರವಿಕುಮಾರ ಈ ಸಲ ಬಾಯಿ ಹಾಕಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಮುಖ ಫೋನಿನೊಳಗೆ ಬಗ್ಗಿತು. ಮಹೇಂದ್ರ ಸರ್.

“ಓ, ರವಿಕುಮಾರ್. ಏನ್ರೀ ನೀವು, ಪಾಸ್‌ಪೋರ್ಟ್ ಮಾಡಿಸ್ಕೊಳ್ಳಿ ಅಂತ ಇವರು ಅಷ್ಟು ಹೇಳಿದ್ರೂ ಮಾಡಿಸ್ಲೇ ಇಲ್ವಂತೆ?”

ರವಿಕುಮಾರ ಕೈಯಲ್ಲಿದ್ದ ಗಾಳವನ್ನು ಬಂಡೆಯ ಮೇಲಿಟ್ಟ. ಸೀಟು ಹೋಯಿತು, ಹೋಗಲಿ. ಸೀಟು ಕಿತ್ತುಕೊಂಡು, ಅದರ ತಪ್ಪನ್ನೂ ತಂದು ನನ್ನ ಬಾಗಿಲಿಗೇ ಸುರಿದಿದ್ದಾನಲ್ಲ. ಮುಖದ ಮೇಲೆ ಕ್ರೀಮು ಇದ್ದರೂ ಸೋಮಶೇಖರನ ಬಣ್ಣ ಇಳಿದದ್ದು ಕಾಣಿಸಿತು. ಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ.

“ಮಾಡ್ಸಿವ್ನಿ ಸಾ,” ಎಂದ ರವಿಕುಮಾರ. “ನಮ್ಮವ್ವನ ಟ್ರಂಕಲ್ಲೈತೆ. ಇವ್ರೇ ಕೈಯಲ್ಲಿ ಇಡ್ದು ನೋಡವ್ರೆ.”

ಮಹೇಂದ್ರ ಸರ್ ಸೋಮಶೇಖರನತ್ತ ತಿರುಗಿದರು. ಆಮೇಲೆ ಅವನ ಕೈಯಲ್ಲಿ ನೇತಾಡುತ್ತಿದ್ದ, ತುದಿ ಸುಟ್ಟು ಸುರುಳಿಯಾದ ನೈಲಾನಿನತ್ತ. ದಾರ ಗೊತ್ತಿದ್ದವರಿಗೆ ಅದನ್ನು ಓದಲು ಕನ್ನಡಕ ಬೇಕಾಗಿಲ್ಲ.

“ಕಪಿಲೆ ದಂಡೆಯವರು ಅಂದಿದ್ರಿ,” ಎಂದರು ಮೆಲ್ಲಗೆ.

ಸೋಮಶೇಖರ್ ದಾರವನ್ನು ಬೆನ್ನ ಹಿಂದೆ ಸರಿಸಿದ. ರವಿಕುಮಾರ ಫೋನನ್ನು ಮುಖದ ಹತ್ತಿರ ತಂದ. ಎರಡು ವಾರದಿಂದ ಆಡದೆ ಇಟ್ಟುಕೊಂಡಿದ್ದ ಮಾತು ಸಲೀಸಾಗಿ ಬಂತು.

“ಏನ್ ತಪ್ಪು ಅಂತ ಕೇಳುದ್ರಲ್ಲ ಸಾ. ಎಂಜಲು. ಅವತ್ತು ನಮ್ ಮನೆ ಮುಂದೆ ಥೂ ಅಂದ್ರಲ್ಲ, ಅದೇ. ಗಂಟು ನಿಲ್ಲದು ಅದ್ರಿಂದ್ಲೇ. ನಂದು ಇಲ್ಲೇ ಉಳ್ಕತು, ನಿಮ್ಮದೇ ಹಚ್ಕಳಿ.”

ಕರೆ ಕತ್ತರಿಸಿದ. ನೀರು ಹಚ್ಚಿದರೂ ಗಂಟು ನಿಲ್ಲುತ್ತದೆ, ಸುತ್ತ ಸಮುದ್ರವೇ ಇದೆ ಅವರಿಗೆ. ಅದನ್ನು ಅವನು ಹೇಳಲಿಲ್ಲ.

ಫೋನನ್ನು ಬಂಡೆಯ ಮೇಲೆ ಬೋರಲು ಹಾಕಿ, ಅರ್ಧಕ್ಕೆ ನಿಂತಿದ್ದ ಗಂಟನ್ನು ತುಟಿಗೆ ತಂದು ತೇವ ಮಾಡಿ ಎಳೆದ. ನಿಂತಿತು. ಕೆಳಗೆ ಅಪ್ಪನ ಗುಂಡೊಂದನ್ನು ಕಟ್ಟಿ, ಕಪಿಲೆ ಕಾವೇರಿ ಕೂಡುವ ಕಡೆಗೆ ಬೀಸಿ ಎಸೆದ.